ಬೇಳೆ ಬೇಯದ ನೀರು

ಮೊನ್ನೆ ಭಾನುವಾರ ಟೈ ಕಟ್ಟಿಕೊಂಡ ಒಬ್ಬರು ಗೇಟು ತೆಗೆದು ಒಳಗೆ ಬಂದರು. ನೀರು ಶುದ್ಧ ಮಾಡುವ ಮಿಷನ್ ಮಾರುವವರು. "ಮೇಡಂ, ನಿಮ್ಮ ಬೋರ್ ನೀರು ಒಂದು ಲೋಟ ಕೊಡಿ, ಚೆಕ್ ಮಾಡಿ ತೋರಿಸ್ತೀನಿ" ಅಂದರು. ಕೊಟ್ಟೆ. ಪೆನ್ನಿನಂಥ ಒಂದು ಸಾಧನವನ್ನು ಅದರಲ್ಲಿ ಅದ್ದಿ, ಅದರ ಮೇಲೆ ಮೂಡಿದ ನಂಬರ್ ನೋಡಿ, ಸಾವಿನ ಸುದ್ದಿ ಹೇಳುವವರ ಮುಖ ಮಾಡಿದರು. "ಭಯಂಕರ ಗಡಸು ನೀರು ಮೇಡಂ. ಇದರಲ್ಲಿ ಯಾವ ಜೀವಾನೂ ಬದುಕಲ್ಲ."

ನನಗೆ ಕಿಸಕ್ಕನೆ ನಗು ಬಂತು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: "ಮೀನು ಬದುಕುತ್ತೆ ಅಂತ ಹೇಳೇ ಅವರಿಗೆ! ಸಂಸಾರಾನೂ ಮಾಡುತ್ತೆ ಅನ್ನು!" ಅತ್ತೆಗೆ ಈಗ ಕಿವಿ ಮಂದ. ಕುಕ್ಕರ್ ಕೂಗಿದರೆ ಕೇಳಿಸುವುದಿಲ್ಲ. ಆದರೆ ನೀರಿನ ವಿಷಯವನ್ನು ಬೀದಿಯ ಆ ತುದಿಯಲ್ಲಿ ಪಿಸುಗುಟ್ಟಿದರೂ ಕೇಳಿಸಿಬಿಡುತ್ತದೆ. ಬಂದವರು ನನ್ನನ್ನೂ ಒಳಬಾಗಿಲನ್ನೂ ಒಂದು ಥರ ನೋಡಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟೇಹೋದರು. ಪಾಪ, ಅವರಿಗೇನು ಗೊತ್ತು. ನಿಮಗೂ ಗೊತ್ತಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ವಿನೋಬನಗರದ ನಮ್ಮ ಮನೆಯಲ್ಲಿ ನೀರಿಗೆ ಎರಡು ಜಾತಿ. ಒಂದು, ಬೆಳಿಗ್ಗೆ ನಲ್ಲಿಯಲ್ಲಿ ಬಂದು ಹೋಗುವ ತುಂಗೆಯ ನೀರು. ಅದಕ್ಕೆ ಅಡುಗೆಮನೆಯಲ್ಲಿ ತಾಮ್ರದ ಕೊಡ, ಮೇಲೊಂದು ತಟ್ಟೆ, ಅದರ ಮೇಲೊಂದು ಚೊಂಬು. ಇನ್ನೊಂದು, ಹಿತ್ತಲ ಬೋರಿನ ನೀರು. ಅದು ಬಟ್ಟೆಗೆ, ಪಾತ್ರೆಗೆ, ಬಚ್ಚಲಿಗೆ. ಅದಕ್ಕೆ ಅಡುಗೆಮನೆಯ ಹೊಸ್ತಿಲು ದಾಟುವ ಹಕ್ಕಿಲ್ಲ. ಅತ್ತೆ ಹುಟ್ಟಿ ಬೆಳೆದದ್ದು ಹೊಳೆಯ ಪಕ್ಕದ ಹಳೇ ಶಿವಮೊಗ್ಗದಲ್ಲಿ. ಮದುವೆಯಾಗಿ ಅದೇ ಊರಿನ ವಿನೋಬನಗರಕ್ಕೆ ಬಂದದ್ದನ್ನು ಅವರು ಇವತ್ತಿಗೂ ದೇಶಾಂತರ ಹೋದವರ ಧಾಟಿಯಲ್ಲೇ ಹೇಳುತ್ತಾರೆ.

ನೀರಿನ ಯೋಗ್ಯತೆ ಅಳೆಯಲು ಅವರಿಗೆ ಪೆನ್ನೂ ಬೇಡ, ನಂಬರೂ ಬೇಡ. ಒಂದು ಹಿಡಿ ತೊಗರಿಬೇಳೆ ಸಾಕು. ಹಾಕಿ ಕುದಿಸುವುದು. ಬೇಳೆ ಕರಗಿದರೆ ಅದು ನೀರು, ಕರಗದಿದ್ದರೆ ಅದು ನೀರೇ ಅಲ್ಲ. ಮದುವೆಯಾದ ಹೊಸದರಲ್ಲಿ ಜಾಣೆ ಅನ್ನಿಸಿಕೊಳ್ಳಲು ಹೋಗಿ ನಾನು ಬೋರ್ ನೀರಿನಲ್ಲಿ ಹುಳಿ ಮಾಡಿಟ್ಟಿದ್ದೆ. ಬೇಳೆ ಒಂದು ಕಡೆ, ನೀರು ಒಂದು ಕಡೆ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ನಿಂತಿದ್ದವು. ನಮ್ಮನೆಯವರು ಏನೂ ಮಾತಾಡದೆ ಕಟುಂ ಕಟುಂ ಅಂತ ಅಗಿದು ತಿಂದರು. ಗಂಡ ಒಳ್ಳೆಯವನು ಅಂತ ನನಗೆ ಖಾತ್ರಿಯಾದದ್ದು ಅವತ್ತೇ.

ಇಂಥ ಅತ್ತೆ ನನ್ನ ನಿಶ್ಚಿತಾರ್ಥಕ್ಕೆ ಭದ್ರಾವತಿಗೆ ಬಂದಾಗ ಏನಾಯಿತು ಅನ್ನುವುದನ್ನು ಹೇಳಲೇಬೇಕು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನ್ಯೂ ಟೌನಿನ ಕ್ವಾರ್ಟರ್ಸ್ ಮುಂದೆ ಶಾಮಿಯಾನ. ಕಾರಿನಿಂದ ಅತ್ತೆ ರೇಷ್ಮೆ ಸೀರೆಯುಟ್ಟು ಇಳಿದರು. ಒಂದು ಕೈಯಲ್ಲಿ ಹಣ್ಣಿನ ತಟ್ಟೆ, ಇನ್ನೊಂದು ಕೈಯಲ್ಲಿ ಅಗಲ ಬಾಯಿಯ, ಹಸಿರು ಮುಚ್ಚಳದ ಒಂದು ಪ್ಲಾಸ್ಟಿಕ್ ಕ್ಯಾನು. ನಮ್ಮ ಅಮ್ಮ ಲೋಟದಲ್ಲಿ ನೀರು ತಂದು ಮುಂದೆ ಹಿಡಿದರೆ, "ತಪ್ಪು ತಿಳ್ಕೋಬೇಡಿ, ನನಗೆ ಬೇರೆ ಊರಿನ ನೀರು ಆಗಲ್ಲ" ಅಂತ ಹೇಳಿ, ಕ್ಯಾನಿನಿಂದ ತುಂಗೆಯ ನೀರನ್ನು ಬಗ್ಗಿಸಿಕೊಂಡು ಕುಡಿದರು.

ಅಪ್ಪನ ಮುಖ ಕೆಂಡವಾಯಿತು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳುವ ನೆಪದಲ್ಲಿ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಅಂದರು: "ಕೂಡ್ಲೀಲಿ ತುಂಗೆ ಭದ್ರೆ ಎರಡೂ ಸೇರ್ಕೊಂಡು ಒಂದೇ ಹೊಳೆಯಾಗಿ ಹೋಗ್ತವಲ್ಲ, ಅಲ್ಲಿ ಇವರು ಯಾವ ದಡದಿಂದ ಕುಡೀತಾರಂತೆ ಕೇಳು!"

ಅತ್ತೆಗೆ ಕೇಳಿಸಿತು. ಆಗ ಅವರ ಕಿವಿ ಚೆನ್ನಾಗಿತ್ತಲ್ಲ. ಮದುವೆಯೇನೋ ಸುಸೂತ್ರವಾಗಿ ಆಯಿತು, ಆದರೆ ಬೀಗರಿಬ್ಬರ ನಡುವೆ ಮಾತು ನಿಂತುಹೋಯಿತು. ಒಂದೇ ಹಾಲ್‌ನಲ್ಲಿ ಎದುರುಬದುರು ಕೂತಿದ್ದರೂ "ನಿಮ್ಮಪ್ಪನಿಗೆ ಕಾಫಿ ಬೇಕಾ ಕೇಳು", "ನಿಮ್ಮತ್ತೆಗೆ ಸಕ್ಕರೆ ಕಮ್ಮಿ ಹಾಕೋಕೆ ಹೇಳು". ನಡುವೆ ನಾನು ಅಂಚೆ ಕಚೇರಿ. ಹೈಸ್ಕೂಲಿನಲ್ಲಿ ಹಿಂದಿ ಟೀಚರಾಗಿದ್ದವಳಿಗೆ ಮನೆಯಲ್ಲೂ ಅನುವಾದದ ಕೆಲಸ.

ಇನ್ನು ಅಪ್ಪನ ಮೀನು. ಜೊತೆಗೆ ಕೆಲಸ ಮಾಡುತ್ತಿದ್ದ ಸೆಲ್ವಂ ಅಂಕಲ್ ಒಂದು ಸಲ ಮದ್ರಾಸಿಗೆ ಹೋದವರು, ಪ್ಲಾಸ್ಟಿಕ್ ಚೀಲದಲ್ಲಿ ನೀರು ಗಾಳಿ ತುಂಬಿಸಿಕೊಂಡು ಒಂದಷ್ಟು ಮರಿಗಳನ್ನು ತಂದುಕೊಟ್ಟಿದ್ದರು. ಆಫ್ರಿಕಾದ ದೊಡ್ಡ ಸರೋವರದ ಜಾತಿ, ಸಿಕ್ಲಿಡ್ ಅಂತ ಹೆಸರು. ಕೆಲವು ಕಡುನೀಲಿ, ಕೆಲವು ಅರಿಶಿನ ಬಣ್ಣ. ನೋಡಲು ದೇವಲೋಕದವು, ಗುಣದಲ್ಲಿ ಪಕ್ಕಾ ಪುಂಡರು. ಎಲ್ಲರಿಗಿಂತ ದೊಡ್ಡ ನೀಲಿ ಮೀನಿಗೆ ಅಪ್ಪ ಇಟ್ಟ ಹೆಸರು ಫೋರ್‌ಮನ್. ಅದು ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಕಲ್ಲಿನ ಸಂದಿಗೆ ಹೋಗಿ ಅಲ್ಲಿದ್ದವರನ್ನು ಎಬ್ಬಿಸಿ ಓಡಿಸುತ್ತಿತ್ತು.

ಅಪ್ಪ ಡ್ಯೂಟಿ ಮುಗಿಸಿ ಬಂದರೆ ಬೂಟು ಬಿಚ್ಚುವ ಮೊದಲೇ ಗಾಜಿನ ತೊಟ್ಟಿಯ ಮುಂದೆ. ಅಮ್ಮ ಆ ತೊಟ್ಟಿಯನ್ನು ಸವತಿ ಅಂತಲೇ ಕರೆಯುತ್ತಿದ್ದಳು. ಸಿಕ್ಕವರಿಗೆಲ್ಲ ಅಪ್ಪ ಪಾಠ ಮಾಡುತ್ತಿದ್ದರು. "ಇವನ್ನ ಎರಡೋ ಮೂರೋ ಸಾಕಬಾರದು ಮಾರಾಯ. ಒಬ್ಬನ್ನೇ ಹಿಡ್ಕೊಂಡು ಬಡೀತವೆ. ಜನ ಜಾಸ್ತಿ ಇದ್ರೆ ಜಗಳ ಹಂಚಿಹೋಗುತ್ತೆ." ಹುಳ ಗಿಳ ಹಾಕುವ ಹಾಗಿಲ್ಲ, ಹೊಟ್ಟೆಯುಬ್ಬರ ಬಂದು ಸಾಯುತ್ತವೆ, ಪಾಲಕ್ ಸೊಪ್ಪು, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಅದೂ ಮಿತವಾಗಿ. ನೀರು ಮಾತ್ರ ಗಡಸಾಗಿರಬೇಕು. ಭದ್ರೆಯ ನಲ್ಲಿ ನೀರು ಮೆದು ಅಂತ ಅಪ್ಪ ಸುಣ್ಣಕಲ್ಲಿನ ಚೂರು ಹಾಕಿ ಹಾಕಿ ಅದನ್ನು ಗಡಸು ಮಾಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ರಿಟೈರಾದರು. ಕ್ವಾರ್ಟರ್ಸ್ ಬಿಡಬೇಕು. ಓಲ್ಡ್ ಟೌನಿನಲ್ಲಿ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ಸೂರು ಬಿದ್ದಿರಲಿಲ್ಲ. ಅಲ್ಲಿಯವರೆಗೆ ಹಿಡಿದ ಬಾಡಿಗೆ ಮನೆಯಲ್ಲಿ ಇಬ್ಬರು ಕಾಲು ಚಾಚಿದರೆ ಗೋಡೆ. ಹಾಗಾಗಿ ಒಂದು ಬೆಳಿಗ್ಗೆ ತೊಟ್ಟಿ, ಸ್ಟ್ಯಾಂಡು, ಗಾಳಿಯ ಮೋಟಾರು, ಮೀನು ಎಲ್ಲ ಟೆಂಪೋ ಹತ್ತಿ ನಮ್ಮನೆಗೆ ಬಂದವು. ಎಲ್ಲ ಜೋಡಿಸಿ ಆದಮೇಲೆ ಅಪ್ಪ ಗಾಜಿಗೆ ಬೆರಳು ಇಟ್ಟುಕೊಂಡು ನಿಂತರು. "ಕೆಲಸ ಮುಗೀತು, ಕ್ವಾರ್ಟರ್ಸೂ ಹೋಯ್ತು. ನಂದು ಅಂತ ಇವು ಉಳ್ಕೊಂಡಿವೆ. ನೋಡ್ಕೋ ಮಗಾ" ಅಂದರು. ಇವುಗಳಿಗೆ ಏನಾದರೂ ಆದರೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ ಅಂತ ಆಗಲೇ ಭಯ ಶುರುವಾಯಿತು.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ನಿಮ್ಮನೇಲಿ ಬೋರ್ ನೀರಿದೆ, ಅದೇ ಪುಣ್ಯ, ಸುಣ್ಣಕಲ್ಲೂ ಬೇಡ. ಆದರೆ ತುಂಗೆ ನೀರು ಮಾತ್ರ ಇವುಕ್ಕೆ ಆಗಲ್ಲ. ಒಂದು ತೊಟ್ಟೂ ತೋರಿಸಬೇಡ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದನ್ನು ನಾನು ನೋಡಿದೆ, ಅಪ್ಪ ನೋಡಲಿಲ್ಲ.

ಟೆಂಪೋ ತಿರುವು ದಾಟುವುದೇ ತಡ, ಶುರುವಾಯಿತು. "ಕೇಳಿಸ್ಕೊಂಡ್ಯಾ? ಮೀನಿಗೂ ನಮ್ಮನೆ ನೀರು ಆಗಲ್ವಂತೆ! ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದು ಈಗ ಕಕ್ಕಿದ್ರು ನೋಡು ನಿಮ್ಮಪ್ಪ!"

"ಅಯ್ಯೋ, ಅದು ಹಾಗಲ್ಲ ಅತ್ತೆ, ಆ ಮೀನಿನ ಜಾತಿನೇ ಹಾಗೆ..."

"ಜಾತಿ ಅಂತೆ ಜಾತಿ! ಊರಿಗೇ ಒಗ್ಗೋ ನೀರು ಮೀನಿಗೆ ಒಗ್ಗಲ್ವಾ?"

ಸಿಟ್ಟು ಅಪ್ಪನ ಮೇಲೆ ಮಾತ್ರ, ಮೀನಿನ ಮೇಲಲ್ಲ. ಅವು ಪಾಲಕ್ ತಿನ್ನುತ್ತವೆ ಅಂತ ಗೊತ್ತಾದ ಕ್ಷಣದಿಂದ ಅತ್ತೆ ಮೀನುಗಳನ್ನು ನಮ್ಮವರು ಅಂತ ಒಪ್ಪಿಕೊಂಡರು. "ಸಸ್ಯಾಹಾರಿ ಕಣೇ, ಪಾಪ!" ಬಟಾಣಿ ಬಿಡಿಸಿ, ಬೇಯಿಸಿ, ಸಿಪ್ಪೆ ತೆಗೆದು ಹಾಕುತ್ತಿದ್ದವರು ಅವರೇ. ಕರೆಂಟು ಹೋದರೆ ಗಾಳಿಯ ಮೋಟಾರು ನಿಲ್ಲುತ್ತದಲ್ಲ, ಆಗ ನಮ್ಮನೆಯವರ ಕೈಗೆ ಮಗ್ಗು ಕೊಟ್ಟು, ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯಲು ಹಚ್ಚುತ್ತಿದ್ದರು. ಆ ಕಾಲದಲ್ಲಿ ಕರೆಂಟು ಹೋಗುವುದು ದಿನನಿತ್ಯದ ಮಾತು. ಅವರು ಲುಂಗಿ ಕಟ್ಟಿ ಸ್ಟೂಲಿನ ಮೇಲೆ ನಿಂತು ಶಿವನಿಗೆ ಅಭಿಷೇಕ ಮಾಡುವ ಹಾಗೆ ಸುರಿಯುತ್ತಿದ್ದರೆ, ಫೋರ್‌ಮನ್ ಕೆಳಗಿನಿಂದ ಗುರಾಯಿಸುತ್ತಿತ್ತು.

ಎಲ್ಲ ಚೆನ್ನಾಗಿತ್ತು. ಆಮೇಲೆ ಯಾಕೋ ಏನೋ, ಮೀನುಗಳು ಸೊರಗತೊಡಗಿದವು. ನೀಲಿ ಹೋಗಿ ಬೂದಿ ಬಣ್ಣ ಬಂತು. ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದವು. ಕೆಲವು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಎದೆ ಧಸಕ್ಕೆಂದದ್ದು ಯಾವಾಗ ಅಂದರೆ, ಒಂದು ಪುಟಾಣಿ ಮೀನು ಫೋರ್‌ಮನ್ನಿನ ಮೂಗಿನ ಮುಂದೆಯೇ ಹಾದುಹೋದರೂ ಅದು ಮಿಸುಕಲಿಲ್ಲ. ಪುಂಡ ಸಾಧುವಾದರೆ ಕಾಯಿಲೆ ಜೋರಾಗಿದೆ ಅಂತಲೇ ಅರ್ಥ.

ಅಪ್ಪ ಭಾನುವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದರು. ನಾನು ಚೆನ್ನಾಗಿದ್ದೇನಾ, ಮೊಮ್ಮಗು ಯಾವಾಗ, ಇದ್ಯಾವುದೂ ಇಲ್ಲ. "ಫೋರ್‌ಮನ್ ಹೇಗಿದಾನೆ?" ನಾನು "ಆರಾಮಿದಾನೆ" ಅನ್ನುತ್ತಿದ್ದೆ. ಪಕ್ಕದಲ್ಲಿ ಅತ್ತೆ ಕಣ್ಣು ಅಗಲ ಮಾಡಿಕೊಂಡು ನಿಂತಿರುತ್ತಿದ್ದರು.

ಏನು ತಪ್ಪಾಗಿದೆ ಅಂತ ತಲೆ ಕೆರೆದುಕೊಂಡೆ. ತಿಂಡಿ ಸರಿಯಿತ್ತು, ಗಾಳಿ ಸರಿಯಿತ್ತು. ನೀರು? ಬೋರ್ ನೀರೇ ತಾನೇ ಹಾಕಿದ್ದು? ಆದರೆ ಗಾಜನ್ನು ನೋಡಿದರೆ, ಮೊದಲು ಅಂಚಿನಲ್ಲಿ ಕಟ್ಟುತ್ತಿದ್ದ ಬಿಳಿ ಕರೆ ಈಗ ಕಟ್ಟುತ್ತಲೇ ಇರಲಿಲ್ಲ. ಒಂದು ಅನುಮಾನ ಹೊಳೆಯಿತು. ಅನುಮಾನ ಪರಿಹಾರಕ್ಕೆ ನಮ್ಮನೆಯಲ್ಲಿ ಇದ್ದದ್ದು ಒಂದೇ ಪರೀಕ್ಷೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು, ಪಾತ್ರೆಗೆ ಹಾಕಿ, ಒಂದು ಹಿಡಿ ತೊಗರಿಬೇಳೆ ಸುರಿದು ಒಲೆ ಹಚ್ಚಿದೆ.

ಬೇಳೆ ಬೆಂದಿತು ಅಂದರೆ ಎಂಥ ಬೇಯುವುದು ಅಂತೀರಿ! ಬೆಣ್ಣೆ. ಸೌಟು ಇಟ್ಟರೆ ಸಾಕು, ಕರಗಿತು. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿರುವಾಗ ಬೆನ್ನ ಹಿಂದೆ ಅತ್ತೆ. ಪಾತ್ರೆಗೆ ಬಗ್ಗಿ ನೋಡಿ ಮುಖ ಅರಳಿಸಿದರು.

"ಅಬ್ಬ, ಎಷ್ಟು ಚೆನ್ನಾಗಿ ಬೇಯಿಸಿದೀಯ ಮಾರಾಯ್ತಿ! ನೋಡು, ತುಂಗೆ ನೀರು ಅಂದ್ರೆ ಹಿಂಗೆ."

"ಇದು ಮೀನಿನ ತೊಟ್ಟಿ ನೀರು ಅತ್ತೆ."

ಅವರು ಹಾಕಿದ ಕೂಗು ಪಕ್ಕದ ಮನೆಯವರನ್ನು ಕಾಂಪೌಂಡಿನವರೆಗೆ ತಂದಿತು. ಅಡುಗೆಮನೆಗೆ ಮೀನಿನ ನೀರು! ಒಲೆಯ ಮೇಲೆ! ಆ ಪಾತ್ರೆ ಇವತ್ತಿಗೂ ಒಳಗೆ ಬಂದಿಲ್ಲ, ಹಿತ್ತಲಲ್ಲಿ ದಾಸವಾಳದ ಬುಡದಲ್ಲಿ ಕೂತಿದೆ. ಕೂಗಾಟ ಎಲ್ಲ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಅದಿರಲಿ ಅತ್ತೆ. ಬೋರ್ ನೀರಲ್ಲಿ ಬೇಳೆ ಹೇಗೆ ಬೆಂತು?"

ಅತ್ತೆ ಧೊಪ್ಪನೆ ಮಣೆಯ ಮೇಲೆ ಕೂತರು. ದಿನಾ ಬೆಳಿಗ್ಗೆ ನಾನು ಸ್ಕೂಲಿಗೆ, ನಮ್ಮನೆಯವರು ಕೆಲಸಕ್ಕೆ ಹೋದಮೇಲೆ, ಒಂದೊಂದು ಕೊಡ ತೊಟ್ಟಿಯ ನೀರು ತೆಗೆದು ಒಂದೊಂದು ಕೊಡ ತುಂಗೆಯ ನೀರು ತುಂಬಿಸುತ್ತಿದ್ದರಂತೆ. ಅದೂ ಬೆಳಗಿನ ನಲ್ಲಿ ನೀರಿನಲ್ಲಿ ಮಿಗಿಸಿ.

"ನಿಮ್ಮಪ್ಪ ನನ್ನ ಮೇಲಿನ ಸಿಟ್ಟಿಗೆ ಹಾಗಂದ್ರು ಅಂದ್ಕೊಂಡೆ ಕಣೇ. ಬೀಗರ ಮನೆಯಿಂದ ಬಂದಿರೋ ಜೀವ. ಬಟ್ಟೆ ಒಗೆಯೋ ನೀರಲ್ಲಿ ಇಟ್ರು ಅಂತ ನಾಳೆ ಯಾರಾದ್ರೂ ಆಡ್ಕೊಂಡ್ರೆ? ನಾನು ಏನು ಕುಡೀತೀನೋ ಅದನ್ನೇ ಕೊಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಸತ್ತು ಹೋಗ್ತವೇನೇ?"

ನನಗೆ ಬೈಯಬೇಕು ಅನ್ನಿಸಿತ್ತು. ಆದರೆ ತನ್ನ ಹತ್ತಿರ ಇದ್ದದ್ದರಲ್ಲೇ ಶ್ರೇಷ್ಠವಾದದ್ದನ್ನು ಬಗ್ಗಿಸಿ ಕೊಟ್ಟವರಿಗೆ ಏನಂತ ಬೈಯುವುದು?

ಒಮ್ಮೆಲೇ ನೀರು ಬದಲಾಯಿಸಿದರೆ ಇನ್ನೂ ಅಪಾಯ ಅಂತ ಅಪ್ಪ ಹೇಳಿದ್ದು ನೆನಪಿತ್ತು. ಹಾಗಾಗಿ ತುಂಗೆ ಹೇಗೆ ಬಂದಳೋ ಹಾಗೇ ಸ್ವಲ್ಪಸ್ವಲ್ಪವಾಗಿ ವಾಪಸ್ ಹೋದಳು. ಈ ಸಲ ಅತ್ತೆಯದೇ ಉಸ್ತುವಾರಿ. ಅಕ್ಕಪಕ್ಕದ ಮನೆಗಳ ಬೋರ್ ನೀರನ್ನೆಲ್ಲ ತಂದು ಬೇಳೆ ಹಾಕಿ ಪರೀಕ್ಷೆ ಮಾಡಿದರು. "ಎದುರುಮನೇದು ನೋಡೇ, ಎಷ್ಟು ಕುದಿಸಿದ್ರೂ ಬೇಳೆ ಒಂಚೂರೂ ಮೆತ್ತಗಾಗಲ್ಲ. ಏನು ಒಳ್ಳೆ ನೀರು ಅಂತೀಯ!" ಎದುರುಮನೆಯವರಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಪರೀಕ್ಷೆಯ ಬೇಳೆಯನ್ನು ಬಿಸಾಡುವುದುಂಟೇ? ನಮ್ಮನೆಯವರು ಮತ್ತೆ ಕಟುಂ ಕಟುಂ ಅಂತ ತಿಂದರು.

ಅಷ್ಟಾದರೂ ಒಂದು ಸಣ್ಣ ನೀಲಿ ಮೀನು ಉಳಿಯಲಿಲ್ಲ. ಮಲ್ಲಿಗೆ ಬಳ್ಳಿಯ ಬುಡದಲ್ಲಿ ಮಣ್ಣು ಮಾಡಿದೆವು. ಅವತ್ತು ಅತ್ತೆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಭಾನುವಾರ ಫೋನು ಬಂದಾಗ ನಾನು ಸುಳ್ಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ರಿಸೀವರನ್ನು ಕಿತ್ತುಕೊಂಡರು.

"ಬೀಗರೇ, ನಾನು ಮಾತಾಡ್ತಿರೋದು. ನಿಮ್ಮ ಮೀನಿಗೆ ನಾನೇ ತುಂಗೆ ನೀರು ಹಾಕಿದ್ದು. ಇವಳದ್ದು ಏನೂ ತಪ್ಪಿಲ್ಲ. ಒಂದು ಹೋಯ್ತು."

ನಾನು ರಿಸೀವರಿಗೆ ಕಿವಿ ತಾಗಿಸಿ ನಿಂತೆ.

"ನೀವು ಕುಡಿಯೋ ನೀರನ್ನ ಕೊಟ್ರಾ?" ಅಪ್ಪನ ದನಿ.

"ಮತ್ತೆ? ಮನೆಗೆ ಬಂದವರಿಗೆ ಇನ್ನೇನು ಕೊಡ್ತಾರೆ?"

"ನಾನು ಹೇಳಿದ ಧಾಟಿನೇ ಸರಿ ಇರ್ಲಿಲ್ಲ ಬಿಡಿ ಅಮ್ಮಾವ್ರೇ. ಹೋಗಿದ್ದು ಹೋಯ್ತು. ಫೋರ್‌ಮನ್ ಹೇಗಿದಾನೆ?"

"ಇವತ್ತು ಬೆಳಿಗ್ಗೆ ಇಬ್ಬರನ್ನ ಅಟ್ಟಿಸ್ಕೊಂಡು ಹೋದ" ಅಂದರು ಅತ್ತೆ, ಮಗನಿಗೆ ಫಸ್ಟ್ ಕ್ಲಾಸ್ ಬಂದಷ್ಟು ಹೆಮ್ಮೆಯಿಂದ. ಅಲ್ಲಿಗೆ ನನ್ನ ಅಂಚೆ ಕಚೇರಿ ಮುಚ್ಚಿತು. ಭಾನುವಾರದ ಫೋನಿನಲ್ಲಿ ನನಗೆ ಸಿಗುತ್ತಿದ್ದದ್ದು "ಇಡ್ಲಾ ಮಗಾ" ಅನ್ನುವ ಕೊನೆಯ ಮಾತು ಮಾತ್ರ.

ಬಣ್ಣ ಮರಳಿತು, ಜಗಳ ಮರಳಿತು. ಅಷ್ಟರಲ್ಲಿ ಅರಿಶಿನ ಬಣ್ಣದ ಒಂದು ಮೀನು, ಅತ್ತೆ ಗೌರಿ ಅಂತ ಕರೆಯುತ್ತಿದ್ದದ್ದು, ಊಟ ಬಿಟ್ಟಿತು. ಬಟಾಣಿ ಕಂಡರೂ ಮುಖ ತಿರುಗಿಸುತ್ತದೆ. ಕೆನ್ನೆ ಮಾತ್ರ ಎಲೆಅಡಿಕೆ ಒತ್ತಿಕೊಂಡವರ ಹಾಗೆ ಉಬ್ಬಿದೆ. ಅತ್ತೆ ಭಾನುವಾರಕ್ಕೆ ಕಾಯದೆ, ಅಪ್ಪನ ಪಕ್ಕದ ಮನೆಗೆ ಫೋನು ಮಾಡಿ ಕರೆಸಿದರು. "ಹಲ್ಲುನೋವೋ ಏನೋ, ಬಾಯೇ ಬಿಡ್ತಿಲ್ಲ ಬೀಗರೇ!" ಅಪ್ಪ ನಕ್ಕ ನಗು ನನಗೂ ಕೇಳಿಸಿತು. ಆ ಜಾತಿಯಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದಂತೆ. ಅಲ್ಲಿಯವರೆಗೆ ಉಪವಾಸ. ಮರಿಗಳು ಹೊರಬಿದ್ದರೆ ಉಳಿದ ಮೀನುಗಳು ತಿಂದುಬಿಡುತ್ತವೆ, ಅವಳನ್ನು ಬೇರೆ ಇಡಬೇಕಂತೆ.

"ತಿಂದುಬಿಡ್ತವಾ? ಪಾಲಕ್ ತಿನ್ನೋವು?" ಅತ್ತೆಗೆ ಅದೊಂದು ದೊಡ್ಡ ಆಘಾತ. ಫೋರ್‌ಮನ್ ಜೊತೆ ಒಂದು ದಿನ ಮಾತು ಬಿಟ್ಟರು. ಗೌರಿಗೆ ಹಾಲ್‌ನ ಮೂಲೆಯಲ್ಲಿ ದೊಡ್ಡ ಟಬ್ಬು, ಎದುರುಮನೆಯ ಬೋರ್ ನೀರು, ದೃಷ್ಟಿ ತಾಗಬಾರದು ಅಂತ ಸುತ್ತ ಹಳೇ ಸೀರೆಯ ಪರದೆ. ಕೊನೆಗೊಂದು ಬೆಳಿಗ್ಗೆ ಗೌರಿ ಬಾಯಿ ತೆರೆದಳು, ಅಕ್ಕಿನುಚ್ಚಿನಷ್ಟು ಮರಿಗಳು ಒಂದೊಂದಾಗಿ ಈಚೆ ಬಂದವು. ಅತ್ತೆ ಕೈ ಜೋಡಿಸಿಕೊಂಡು ನಿಂತುಬಿಟ್ಟರು. ನನಗೆ ಅಳು ಬಂತು, ಯಾಕೆ ಅಂತ ಕೇಳಬೇಡಿ.

ಹೊಸ ಮನೆ ಮುಗಿದು ಅಪ್ಪ ಟೆಂಪೋ ತಂದಾಗ ಗೌರಿಯ ವಿಷಯದಲ್ಲಿ ಅತ್ತೆ ಖಡಾಖಂಡಿತ. "ಬಾಣಂತೀನ ಟೆಂಪೋದಲ್ಲಿ ಕುಲುಕಿಸ್ಕೊಂಡು ಕಳಿಸ್ತಾರಾ? ಅವಳು ಚೇತರಿಸ್ಕೊಳ್ಳಲಿ, ಗೃಹಪ್ರವೇಶಕ್ಕೆ ನಾನೇ ಕರ್ಕೊಂಡು ಬರ್ತೀನಿ. ಮರಿಗಳು ಮಾತ್ರ ಇಲ್ಲೇ ಇರ್ಲಿ." ಅಪ್ಪ ತಲೆಯಾಡಿಸಿ ಉಳಿದವನ್ನು ಒಯ್ದರು.

ಗೃಹಪ್ರವೇಶದ ದಿನ ಓಲ್ಡ್ ಟೌನಿನ ಮನೆಯ ಮುಂದೆ ನಾವು ಇಳಿದಾಗ, ಬಾಗಿಲಲ್ಲಿದ್ದ ನನ್ನ ತವರಿನ ಕಡೆಯ ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಿವಿದುಕೊಂಡರು. ರೇಷ್ಮೆ ಸೀರೆಯುಟ್ಟ ಅತ್ತೆಯ ಕೈಯಲ್ಲಿ ಅದೇ ಹಸಿರು ಮುಚ್ಚಳದ ಕ್ಯಾನು. "ಬಂತಪ್ಪಾ, ತುಂಗೆ ನೀರು!" ಅಂತ ಯಾರೋ ಗೊಣಗಿದ್ದೂ ಕೇಳಿಸಿತು. ಅಪ್ಪನ ಮುಖ ಒಂದು ಕ್ಷಣ ಬಿಗಿಯಿತು. ಅತ್ತೆ ಯಾರ ಕಡೆಗೂ ನೋಡದೆ ಸೀದಾ ಹಾಲ್‌ನಲ್ಲಿದ್ದ ತೊಟ್ಟಿಯ ಹತ್ತಿರ ಹೋಗಿ, ತೂತು ಕೊರೆಸಿದ್ದ ಆ ಮುಚ್ಚಳ ತೆಗೆದು, "ನೋಡಿ ಬೀಗರೇ, ಹೇಗಿದಾಳೆ" ಅಂದರು. ಬೋರ್ ನೀರಿನಲ್ಲಿ ಗೌರಿ ಒಂದು ಸುತ್ತು ಹಾಕಿ ಮೇಲೆ ನೋಡಿದಳು. ಮಡಿಯ ಕ್ಯಾನಿನಲ್ಲಿ ಮೀನು! ಅಪ್ಪ ಬಗ್ಗಿ ಕ್ಯಾನಿನೊಳಗೆ ನೋಡಿದರು.

ಅಮ್ಮ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು, ಕೊಡಬೇಕೋ ಬೇಡವೋ ತಿಳಿಯದೆ ಅರ್ಧ ದಾರಿಯಲ್ಲಿ ನಿಂತಿದ್ದಳು.

"ಯಾಕೆ ಹಾಗೆ ನಿಂತ್ಕೊಂಡ್ರಿ?" ಅತ್ತೆ ಕೇಳಿದರು. "ಬಿಸಿಲಲ್ಲಿ ಬಂದಿದೀನಿ. ಕ್ಯಾನಲ್ಲಿ ಗೌರಿ ಇದ್ಲು, ನನಗೆ ಅಂತ ಏನೂ ತಂದಿಲ್ಲ. ಒಂದು ಲೋಟ ನೀರು ಕೊಡಲ್ವಾ?"

ಅಮ್ಮನ ಕೈಯಿಂದ ಲೋಟ ತೆಗೆದುಕೊಂಡು ಅಪ್ಪನೇ ಹೋಗಿ ಕೊಟ್ಟರು. ಭದ್ರೆಯ ನೀರು. ಮನೆಯವರೆಲ್ಲ ನೋಡುತ್ತಿದ್ದೆವು. ಅತ್ತೆ ಕತ್ತು ಮೇಲೆತ್ತಿ, ನಿಧಾನವಾಗಿ, ತಳ ಕಾಣುವವರೆಗೂ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಬೇಳೆ ಚೆನ್ನಾಗಿ ಬೇಯುತ್ತೆ ಬಿಡಿ" ಅಂತ ಹೇಳಿ, ಖಾಲಿ ಲೋಟವನ್ನು ಅಪ್ಪನ ಕೈಗೇ ಕೊಟ್ಟು, "ಇನ್ನೊಂದು ಲೋಟ ತನ್ನಿ" ಅಂದರು.